ನಮ್ಮೆಲ್ಲರ ಎದೆಯೊಳಗೊಂದು ‘ಬ್ಯಾಗ್’!

‘ಬ್ಯಾಗ್’ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಕಾಲೇಜಿಗೆ ಹೆಗಲೇರುವ ಬ್ಯಾಗು, ಹಬ್ಬಕ್ಕೆ ಊರಿಗೆ ಹೊರಟಾಗ ಬಸ್ಸಿನ ಸೀಟಿನಡಿ ತುರುಕುವ ಬ್ಯಾಗು, ಅಮ್ಮ ಸಂತೆಗೆ ಒಯ್ಯುವ ವೈರ್ ಬ್ಯಾಗು. ನಾನು ಹೇಳಹೊರಟಿರುವ ಬ್ಯಾಗು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದರೂ ಅದು ನಿಮ್ಮ ಬಳಿ ಇದೆ, ನನ್ನ ಬಳಿಯೂ ಇದೆ. ನೀವು ಈ ಸಾಲು ಓದುತ್ತಿರುವಾಗ ಎದೆ ಲಬ್ ಡಬ್ ಅನ್ನುತ್ತಿದೆಯಲ್ಲ, ಆ ಸದ್ದು ನಿಲ್ಲದಂತೆ ನೋಡಿಕೊಳ್ಳುವವರಲ್ಲಿ ಅದೂ ಒಬ್ಬ. ಹೆಸರು ಬ್ಯಾಗ್-3. ಅದೊಂದು ಜೀನ್, ಅಂದರೆ ವಂಶವಾಹಿ.

ಎಂಎಸ್ಸಿ ಬಯೋಕೆಮಿಸ್ಟ್ರಿಯ ಸೆಮಿನಾರಿಗೆ ನಾನು ಈ ವಿಷಯ ಆರಿಸಿಕೊಂಡಾಗ, ‘ಮನುಷ್ಯನಲ್ಲಿ ಇಪ್ಪತ್ತು ಸಾವಿರ ಜೀನ್ ಇವೆ, ನಿಂಗೆ ಇದೇ ಬೇಕಿತ್ತಾ?’ ಎಂದು ರೂಮ್‌ಮೇಟ್ ನಕ್ಕಿದ್ದಳು. ಹೌದು, ಇದೇ ಬೇಕಿತ್ತು. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಈ ಬ್ಯಾಗ್ ಮಾಡುವ ಕೆಲಸವೇನು ಅಂತ ನೋಡೋಣ.

ನೆರಿಗೆ ಹಿಡಿಯುವವರು ಬೇಕು

ಪ್ರೋಟೀನ್ ಅಂದರೆ ಬೇಳೆಯಲ್ಲಿರುತ್ತದೆ, ಮೊಟ್ಟೆಯಲ್ಲಿರುತ್ತದೆ ಎಂದಷ್ಟೇ ನಾವು ತಿಳಿದಿರುತ್ತೇವೆ. ಆದರೆ ದೇಹದೊಳಗೆ ದುಡಿಯುವವರಲ್ಲಿ ಹೆಚ್ಚಿನವರು ಪ್ರೋಟೀನುಗಳೇ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್, ತಿಂದದ್ದನ್ನು ಕರಗಿಸುವ ಕಿಣ್ವ, ಸ್ನಾಯುವನ್ನು ಎಳೆಯುವ ಮಯೋಸಿನ್ ಎಲ್ಲವೂ ಅದೇ ಜಾತಿ. ಒಂದೊಂದು ಪ್ರೋಟೀನನ್ನು ಹೇಗೆ ಮಾಡಬೇಕು ಅನ್ನುವ ಬರಹವೇ ಜೀನ್.

ಪ್ರೋಟೀನು ಹುಟ್ಟುವಾಗ ಅಮೈನೊ ಆಮ್ಲಗಳ ಉದ್ದನೆಯ ಸರವಾಗಿರುತ್ತದೆ. ಆ ಸರ ಸರಿಯಾದ ಆಕಾರಕ್ಕೆ ಮಡಚಿಕೊಂಡಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಸರದ ಕೊಂಡಿಗಳು ಎತ್ತೆತ್ತ ತಿರುಗಬಲ್ಲವು, ಎತ್ತ ತಿರುಗಲಾರವು ಎಂಬುದಕ್ಕೆ 1963ರಲ್ಲಿ ನಕ್ಷೆ ಕೊಟ್ಟವರು ನಮ್ಮವರೇ ಆದ ಜಿ.ಎನ್. ರಾಮಚಂದ್ರನ್. ಆಗ ಮದ್ರಾಸಿನಲ್ಲಿದ್ದ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಗಳ ರಚನೆ ಅಧ್ಯಯನ ಮಾಡುವ ವಿಭಾಗವನ್ನೇ ಕಟ್ಟಿದರು. ಹೇಗೆ ಮಡಚಿಕೊಳ್ಳಬೇಕು ಅನ್ನುವ ಸೂಚನೆ ಸರದಲ್ಲೇ ಅಡಗಿದೆ ಎಂದು ತೋರಿಸಿದ ಅಮೆರಿಕದ ಕ್ರಿಶ್ಚಿಯನ್ ಆನ್ಫಿನ್ಸೆನ್ ಅವರಿಗೆ 1972ರಲ್ಲಿ ನೊಬೆಲ್ ಬಂತು.

ಆದರೆ ಅದು ಟೆಸ್ಟ್ ಟ್ಯೂಬಿನ ಮಾತು. ಜೀವಕೋಶದೊಳಗೆ ಜಾತ್ರೆಯ ನೂಕುನುಗ್ಗಲು. ಅರ್ಧ ಮಡಚಿದ ಒಂದು ಪ್ರೋಟೀನು ಇನ್ನೊಂದಕ್ಕೆ ಅಂಟಿಕೊಂಡರೆ ಎರಡೂ ಕೆಟ್ಟವು.

ಹಾಸ್ಟೆಲಿನಲ್ಲಿ ಎಥ್ನಿಕ್ ಡೇ ದಿನ ಬೆಳಿಗ್ಗೆ ನಡೆಯುವುದನ್ನು ನೆನಪಿಸಿಕೊಳ್ಳಿ. ಮೊದಲ ಸಲ ಸೀರೆ ಉಡುವವಳು ಐದೂವರೆ ಮೀಟರ್ ಬಟ್ಟೆ ಹಿಡಿದು ಕಂಗಾಲಾಗಿ ನಿಂತಿರುತ್ತಾಳೆ. ಉಡುವುದು ಅವಳೇ. ಆದರೆ ಕೆಳಗೆ ಮೊಣಕಾಲೂರಿ ನೆರಿಗೆ ಹಿಡಿಯುವವಳು ಒಬ್ಬಳು ಬೇಕು. ಪಿನ್ ಹಾಕಿದ ಮೇಲೆ ಆಕೆ ಕೈಬಿಟ್ಟು ಪಕ್ಕದ ರೂಮಿಗೆ, ಇನ್ನೊಬ್ಬಳ ನೆರಿಗೆ ಹಿಡಿಯಲು ಓಡುತ್ತಾಳೆ. ಫೋಟೊದಲ್ಲಿ ಸೀರೆ ಕಾಣುತ್ತದೆ, ಅವಳ ಕೈ ಕಾಣುವುದಿಲ್ಲ. ಜೀವಕೋಶದಲ್ಲಿ ಈ ಕೆಲಸ ಮಾಡುವ ಪ್ರೋಟೀನುಗಳಿಗೆ ಶಾಪರೋನ್ ಎಂದು ಹೆಸರು. ಹಿಂದೆ ಯುರೋಪಿನಲ್ಲಿ ಮದುವೆಯಾಗದ ಹುಡುಗಿಯರು ಹೊರಗೆ ಹೊರಟರೆ ಜತೆಗೆ ಒಬ್ಬ ಹಿರಿಯ ಹೆಂಗಸು ಹೋಗುತ್ತಿದ್ದರು, ಬೇಡದವರ ಸಹವಾಸ ಆಗದಂತೆ ಕಾಯಲು. ಆಕೆಗೆ ಶಾಪರೋನ್ ಎನ್ನುತ್ತಿದ್ದರು. 1978ರಲ್ಲಿ ಇಂಗ್ಲೆಂಡಿನ ರಾನ್ ಲ್ಯಾಸ್ಕಿ ಈ ಪದವನ್ನು ಒಂದು ಪ್ರೋಟೀನಿಗೆ ಮೊದಲ ಬಾರಿ ಬಳಸಿದರು. ನಾವು ಇವುಗಳನ್ನು ಜತೆಗಾರ ಪ್ರೋಟೀನುಗಳು ಅನ್ನೋಣ.

ಸೆಕೆ ಹೇಳಿಕೊಟ್ಟ ಪಾಠ

ಈ ಜತೆಗಾರರ ಸುಳಿವು ಸಿಕ್ಕಿದ ಕತೆ ಸ್ವಾರಸ್ಯವಾಗಿದೆ. 1960ರ ದಶಕದ ಆರಂಭ, ಇಟಲಿಯ ನೇಪಲ್ಸ್. ಫೆರುಚ್ಚಿಯೊ ರಿತೋಸ್ಸ ಎಂಬ ಯುವ ವಿಜ್ಞಾನಿ ಹಣ್ಣಿನ ನೊಣದ ಮರಿಹುಳುಗಳನ್ನು ಇಟ್ಟುಕೊಂಡು ಅಧ್ಯಯನ ನಡೆಸಿದ್ದರು. ಒಂದು ದಿನ ಲ್ಯಾಬಿನಲ್ಲಿ ಯಾರೋ ಇನ್‌ಕ್ಯುಬೇಟರಿನ ಬಿಸಿ ಹೆಚ್ಚಿಸಿಬಿಟ್ಟರು. ಮಾದರಿಗಳು ಹಾಳಾದವೆಂದು ಎಸೆಯಬಹುದಿತ್ತು. ರಿತೋಸ್ಸ ಎಸೆಯಲಿಲ್ಲ. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ವರ್ಣತಂತುಗಳ ಮೇಲೆ ಹಿಂದೆಂದೂ ಕಾಣದ ಜಾಗಗಳಲ್ಲಿ ಉಬ್ಬು ಎದ್ದಿತ್ತು. ಅಂದರೆ ಸೆಕೆ ತಟ್ಟಿದೊಡನೆ ಕೆಲವು ಜೀನ್‌ಗಳು ತರಾತುರಿಯಲ್ಲಿ ಎಚ್ಚರಗೊಂಡಿದ್ದವು.

ಇದನ್ನು ಬರೆದು ಕಳಿಸಿದರೆ ಹೆಸರಾಂತ ಪತ್ರಿಕೆಯೊಂದು ‘ಇದರಿಂದ ಏನೂ ಪ್ರಯೋಜನ ಕಾಣದು’ ಎಂಬರ್ಥದ ಉತ್ತರ ಕೊಟ್ಟು ವಾಪಸು ಕಳಿಸಿತು. 1962ರಲ್ಲಿ ಬೇರೊಂದು ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಆ ಉಬ್ಬುಗಳಿಂದ ತಯಾರಾಗುತ್ತಿದ್ದ ಪ್ರೋಟೀನುಗಳಿಗೆ ‘ಹೀಟ್ ಶಾಕ್ ಪ್ರೋಟೀನ್’ ಎಂಬ ಹೆಸರು ಬಂತು. ಬಿಸಿಗೆ ಮೊಟ್ಟೆಯ ಬಿಳಿ ಭಾಗ ಗಟ್ಟಿಯಾಗುವುದು ಪ್ರೋಟೀನುಗಳ ಮಡಿಕೆ ಬಿಚ್ಚಿ ಒಂದಕ್ಕೊಂದು ಅಂಟಿಕೊಳ್ಳುವುದರಿಂದ. ನಮ್ಮ ಜೀವಕೋಶಕ್ಕೂ ಜ್ವರ ಬಂದಾಗ, ಒತ್ತಡ ಬಿದ್ದಾಗ ಅದೇ ಅಪಾಯ. ಅದನ್ನು ತಡೆಯಲು ಧಾವಿಸುವ ಜತೆಗಾರರು ಇವು. ಇವುಗಳಲ್ಲಿ ಬಹಳ ದುಡಿಯುವುದು ಎಚ್‌ಎಸ್‌ಪಿ-70. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲೂ ಇಂಥ ಪ್ರೋಟೀನುಗಳ ಮೇಲೆ, ಮಲೇರಿಯಾ ರೋಗಾಣು ಅವುಗಳನ್ನು ಬಳಸಿಕೊಂಡು ಜ್ವರದ ಬಿಸಿಯಲ್ಲೂ ಬದುಕುವ ಬಗೆಯ ಮೇಲೆ ಕೆಲಸ ನಡೆದಿದೆ.

ರಿಪೇರಿಯೋ, ಗುಜರಿಯೋ?

ಈಗ ನಮ್ಮ ಬ್ಯಾಗಿನ ಸರದಿ. ಎಚ್‌ಎಸ್‌ಪಿ-70 ಬಲಿಷ್ಠ ಕೆಲಸಗಾರ, ನಿಜ. ಸಡಿಲಗೊಂಡ ಪ್ರೋಟೀನು ಕಂಡರೆ ಗಪ್ಪನೆ ಹಿಡಿಯುತ್ತದೆ. ಆದರೆ ಯಾವಾಗ ಬಿಡಬೇಕು, ಬಿಟ್ಟು ಯಾರ ಕೈಗೆ ಕೊಡಬೇಕು? ಇದನ್ನು ನಿರ್ಧರಿಸಲು ಇನ್ನೊಬ್ಬರು ಬೇಕು. ಹಾಗೆ ಜತೆಗಾರನನ್ನೇ ನಡೆಸುವ ಮೇಲ್ವಿಚಾರಕರ ಒಂದು ಕುಟುಂಬವೇ ಬ್ಯಾಗ್. ಮನುಷ್ಯರಲ್ಲಿ ಈ ಕುಟುಂಬಕ್ಕೆ ಆರು ಮಂದಿ. ಮೊದಲನೆಯದು 1995ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು, ನಮ್ಮ ಮೂರನೆಯದು 1999ರಲ್ಲಿ.

ಬ್ಯಾಗ್ ಅನ್ನುವುದು ‘ಬಿಸಿಎಲ್-2 ಅಸೋಸಿಯೇಟೆಡ್ ಅಥಾನೊಜೀನ್’ ಎಂಬ ಉದ್ದ ಹೆಸರಿನ ಚುಟುಕು. ಬಿಸಿಎಲ್-2 ಅನ್ನುವುದು ಜೀವಕೋಶ ಸುಮ್ಮಸುಮ್ಮನೆ ಸಾಯದಂತೆ ತಡೆಯುವ ಪ್ರೋಟೀನು. ಬ್ಯಾಗ್ ಅದರ ಜತೆಗೆ ಸಿಕ್ಕಿದ್ದರಿಂದ ಈ ಹೆಸರು. ‘ಅಥಾನೊ’ ಎಂಬ ತುಂಡು ಬಂದದ್ದು ಸಾವಿಲ್ಲದ್ದು ಎಂಬರ್ಥದ ಗ್ರೀಕ್ ಪದದಿಂದ. ನಮ್ಮ ‘ಅಮೃತ’ದ ಹಾಗೆಯೇ: ಮೃತಕ್ಕೆ ಮುಂದೊಂದು ‘ಅ’. ವಿಜ್ಞಾನಿಗಳು ಜೀನ್ ಒಂದಕ್ಕೆ ಅಮೃತದ ಹೆಸರಿಟ್ಟಿದ್ದಾರೆ ಅಂತ ತಿಳಿದಾಗ ನನಗೆ ರೋಮಾಂಚನವಾಗಿತ್ತು.

ಮನುಷ್ಯರಲ್ಲಿ ಬ್ಯಾಗ್-3 ಇರುವುದು 10ನೇ ವರ್ಣತಂತುವಿನ ಉದ್ದ ತೋಳಿನಲ್ಲಿ. ಅದರಿಂದ ತಯಾರಾಗುವ ಪ್ರೋಟೀನಿನ ಸರದಲ್ಲಿ 575 ಅಮೈನೊ ಆಮ್ಲಗಳು. ಇದಕ್ಕೆ ಹಲವು ಕೈಗಳಿವೆ ಅಂದುಕೊಳ್ಳಿ. ಒಂದು ಕೈ ಎಚ್‌ಎಸ್‌ಪಿ-70ರ ಹೆಗಲ ಮೇಲಿರುತ್ತದೆ. ಅದನ್ನು ತಟ್ಟಿ, ಹಿಡಿದದ್ದನ್ನು ಬಿಡು ಎಂದು ಸೂಚನೆ ಕೊಡುವುದು ಇದೇ ಕೈ. ಎಚ್‌ಎಸ್‌ಪಿ-70 ಬಿಗಿಹಿಡಿತದಲ್ಲಿರುವಾಗ ಅದರೊಳಗೆ ಎಡಿಪಿ ಎಂಬ, ಶಕ್ತಿ ಖರ್ಚಾದ ಅಣು ಕೂತಿರುತ್ತದೆ. ಬ್ಯಾಗ್ ಅದನ್ನು ಹೊರಗೆ ಕಳಿಸುತ್ತದೆ. ಆ ಜಾಗಕ್ಕೆ ಹೊಸ ಎಟಿಪಿ ಬಂದು ಕೂತೊಡನೆ ಹಿಡಿತ ಸಡಿಲ. ನಡುವಿನ ಕೈಗಳು ಎಚ್‌ಎಸ್‌ಪಿ-ಬಿ8ರಂಥ ಸಣ್ಣ ಜತೆಗಾರರನ್ನು ಹಿಡಿದು ತರುತ್ತವೆ. ಇನ್ನೊಂದು ಕೈ ಜೀವಕೋಶದೊಳಗೆ ಸರಕು ಹೊತ್ತು ಓಡುವ ಡೈನಿನ್ ಎಂಬ ಮೋಟಾರನ್ನು ಹಿಡಿಯುತ್ತದೆ. ಅಂದರೆ ಕೆಟ್ಟದ್ದನ್ನು ಗುರುತಿಸುವವರು, ಹಿಡಿಯುವವರು, ಸಾಗಿಸುವವರು ಎಲ್ಲರನ್ನೂ ಒಂದೆಡೆ ಕೂಡಿಸುವುದು ಇದರ ಕೆಲಸ.

ನಮ್ಮಪ್ಪ ಬಸ್ ಡಿಪೊದಲ್ಲಿ ಮೆಕ್ಯಾನಿಕ್. ರಜೆಗೆ ಊರಿಗೆ ಹೋದಾಗ ಇದನ್ನೆಲ್ಲ ಅವರಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ‘ಅಂದ್ರೆ ನಮ್ಮ ಡಿಪೊ ಚಾರ್ಜ್‌ಮನ್ ಇದ್ದಂಗೆ ಕಣಮ್ಮ’ ಅಂದರು. ‘ಅವರು ಸ್ಪ್ಯಾನರ್ ಹಿಡಿಯೋದು ಕಮ್ಮಿ. ಆದ್ರೆ ಈ ಪಾರ್ಟು ಇನ್ನೂ ನಡೀತದೆ ಹಾಕು, ಇದು ನಡಿಯಲ್ಲ ಗುಜರಿಗೆ ಎಸಿ ಅನ್ನೋರು ಅವರೇ. ಆ ಮನುಷ್ಯ ಇಲ್ದಿದ್ರೆ ನಾವು ಎಷ್ಟು ಜನ ಇದ್ರೂ ಬೆಳಿಗ್ಗೆ ಗಾಡಿ ಲೈನಿಗೆ ಹೋಗಲ್ಲ.’ ಮೂರು ವಾರ ಪೇಪರುಗಳನ್ನು ಓದಿ ನಾನು ತಿಳಿದುಕೊಂಡದ್ದನ್ನು ಅಪ್ಪ ಮೂರು ಮಾತಿನಲ್ಲಿ ಹೇಳಿ ಮುಗಿಸಿದ್ದರು.

ಓಡುವ ಬಸ್ಸಿಗೇ ಲೈನರ್

ಆದರೆ ಡಿಪೊಗೂ ಹೃದಯಕ್ಕೂ ಒಂದು ವ್ಯತ್ಯಾಸವಿದೆ. ಬಸ್ಸು ರಾತ್ರಿ ಡಿಪೊಗೆ ಬಂದು ನಿಲ್ಲುತ್ತದೆ, ಆಗ ಬ್ರೇಕ್ ಲೈನರ್ ಬದಲಿಸಬಹುದು. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಅದಕ್ಕೆ ರಜೆಯಿಲ್ಲ, ನೈಟ್ ಹಾಲ್ಟ್ ಇಲ್ಲ. ಓಡುತ್ತಿರುವಾಗಲೇ ರಿಪೇರಿ ಆಗಬೇಕು.

ಸ್ನಾಯುವಿನ ಎಳೆಯನ್ನು ದೊಡ್ಡದು ಮಾಡಿ ನೋಡಿದರೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಒಂದು ಪಟ್ಟೆಗೂ ಇನ್ನೊಂದಕ್ಕೂ ನಡುವಿನ ಗೋಡೆಗೆ ‘ಝಡ್ ಡಿಸ್ಕ್’ ಎಂದು ಹೆಸರು. ಸ್ನಾಯು ಎಳೆದಾಗಲೆಲ್ಲ ಜಗ್ಗಾಟ ಬೀಳುವುದು ಈ ಗೋಡೆಯ ಮೇಲೆ. ಅಲ್ಲಿ ಎಳೆಗಳನ್ನು ಕಟ್ಟಿಹಿಡಿಯುವ ಹಗ್ಗದಂಥ ಪ್ರೋಟೀನು ಫಿಲಾಮಿನ್. ಎಳೆದೂ ಎಳೆದೂ ಅದರ ಮಡಿಕೆ ಬಿಚ್ಚಿ ಹಾಳಾಗುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಗೋಡೆ ಕುಸಿಯುತ್ತದೆ.

ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಯೋರ್ಗ್ ಹೋಫೆಲ್ಡ್ ಮತ್ತು ಸಂಗಡಿಗರು 2010ರಲ್ಲಿ ಈ ರಿಪೇರಿಯ ದಾರಿಯನ್ನು ವಿವರಿಸಿದರು. ಬ್ಯಾಗ್-3, ಎಚ್‌ಎಸ್‌ಪಿ-70 ಮತ್ತು ಎಚ್‌ಎಸ್‌ಪಿ-ಬಿ8 ಕೂಡಿ ಹಾಳಾದ ಫಿಲಾಮಿನನ್ನು ಹಿಡಿಯುತ್ತವೆ. ‘ಚಿಪ್’ ಎಂಬ ಇನ್ನೊಂದು ಪ್ರೋಟೀನು ಅದಕ್ಕೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟಿಸುತ್ತದೆ, ಗುಜರಿ ಸಾಮಾನಿಗೆ ಬಣ್ಣದ ಗುರುತು ಹಾಕುವ ಹಾಗೆ. ಆ ಚೀಟಿ ಕಂಡು ಸುತ್ತಲೂ ಒಂದು ಪೊರೆ ಬೆಳೆದು ಚೀಲದಂತೆ ಅದನ್ನು ಮುಚ್ಚಿಕೊಳ್ಳುತ್ತದೆ. ಕೊನೆಗೆ ಅದು ಜೀವಕೋಶದ ಜಠರದಂತಿರುವ ಲೈಸೊಸೋಮ್ ಸೇರಿ ಕರಗುತ್ತದೆ. ಜೀವಕೋಶ ತನ್ನದೇ ಭಾಗಗಳನ್ನು ಹೀಗೆ ಜೀರ್ಣಿಸಿಕೊಳ್ಳುವುದಕ್ಕೆ ಆಟೊಫೇಜಿ ಎನ್ನುತ್ತಾರೆ. ಇದರ ಗುಟ್ಟು ಬಿಡಿಸಿದ ಜಪಾನಿನ ಯೋಶಿನೋರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಸಿಕ್ಕಿದ್ದು ನಿಮಗೆ ನೆನಪಿರಬಹುದು.

ಕೆಲಸ ಇಲ್ಲಿಗೇ ಮುಗಿಯಲಿಲ್ಲ. ಹಳೆಯದನ್ನು ತೆಗೆದರೆ ಸಾಲದು, ಹೊಸದು ಬರಬೇಕಲ್ಲ? ಹೊಸ ಫಿಲಾಮಿನ್ ತಯಾರಿಸಿ ಎಂಬ ಸಂದೇಶ ಕೋಶಕೇಂದ್ರಕ್ಕೆ ಮುಟ್ಟುವಂತೆ ಮಾಡುವುದರಲ್ಲೂ ಬ್ಯಾಗ್-3ರ ಕೈಯಿದೆ. ಗುಜರಿಗೆ ಹಾಕಿದವರೇ ಸ್ಟೋರಿಗೆ ಇಂಡೆಂಟ್ ಕೂಡ ಬರೆಯುತ್ತಾರೆ!

ಈ ಜೀನ್ ಇಲ್ಲದಿದ್ದರೆ ಏನಾಗುತ್ತದೆ? 2006ರಲ್ಲಿ ಬ್ಯಾಗ್-3 ತೆಗೆದ ಇಲಿಗಳ ವಿವರ ಪ್ರಕಟವಾಯಿತು. ಹುಟ್ಟಿದಾಗ ಅವುಗಳ ಸ್ನಾಯು ಚೆನ್ನಾಗಿಯೇ ಇದ್ದವು. ಉಸಿರಾಡತೊಡಗಿ, ಓಡಾಡತೊಡಗಿ, ಸ್ನಾಯುಗಳಿಗೆ ಕೆಲಸ ಬಿದ್ದಂತೆ ಅವು ಶಿಥಿಲವಾದವು. ತಿಂಗಳು ತುಂಬುವ ಹೊತ್ತಿಗೆ ಇಲಿಗಳು ಸತ್ತವು. ಹಣ್ಣಿನ ನೊಣದಲ್ಲಿ ಇದೇ ಬಗೆಯ ಜೀನಿಗೆ ಇಟ್ಟ ಹೆಸರು ‘ಸ್ಟಾರ್ವಿನ್’. ಅದು ಕೆಟ್ಟ ಮರಿಹುಳುಗಳು ಆಹಾರ ಎದುರಿಗಿದ್ದರೂ ನುಂಗಲಾರದೆ ಉಪವಾಸ ಬಿದ್ದು ಸಾಯುತ್ತವೆ. ಸ್ನಾಯು ಕಟ್ಟಲು ಬ್ಯಾಗ್-3 ಬೇಕಿಲ್ಲದಿರಬಹುದು, ಆದರೆ ಉಳಿಸಿಕೊಳ್ಳಲು ಬೇಕೇ ಬೇಕು ಅನ್ನುವುದು ಇದರಿಂದ ಗೊತ್ತಾಯಿತು.

ಒಂದೇ ಒಂದು ಅಕ್ಷರ

ನಮ್ಮ ಜೀನ್‌ಗಳ ಪುಸ್ತಕದಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. 2009ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು ಮೂವರು ಮಕ್ಕಳ ವಿಷಯ ಬರೆದರು. ಮೂವರೂ ಬೇರೆ ಬೇರೆ ಮನೆಯವರು, ಒಬ್ಬರಿಗೊಬ್ಬರು ಸಂಬಂಧವಿಲ್ಲ. ಆದರೆ ಮೂವರಲ್ಲೂ ಬ್ಯಾಗ್-3ರಲ್ಲಿ ಅದೇ ಒಂದು ಅಕ್ಷರ ಬದಲಾಗಿತ್ತು. ಅದರಿಂದಾಗಿ ಪ್ರೋಟೀನಿನ 209ನೇ ಜಾಗದಲ್ಲಿ ಪ್ರೊಲೀನ್ ಇರಬೇಕಾದಲ್ಲಿ ಲ್ಯೂಸಿನ್ ಬಂದು ಕೂತಿತ್ತು. ಸಣ್ಣ ಜತೆಗಾರರನ್ನು ಹಿಡಿಯುತ್ತದೆ ಎಂದೆನಲ್ಲ, ಬದಲಾವಣೆ ಆಗಿದ್ದು ಆ ಕೈಯಲ್ಲೇ.

ಈ ಕಾಯಿಲೆ ಬಂದ ಮಕ್ಕಳು ಮೊದಲ ಕೆಲವು ವರ್ಷ ಎಲ್ಲರಂತೆ ಆಡಿಕೊಂಡಿರುತ್ತಾರೆ. ಆಮೇಲೆ ತುದಿಗಾಲಲ್ಲಿ ನಡೆಯತೊಡಗುತ್ತಾರೆ. ಓಡಿದರೆ ಬೀಳುತ್ತಾರೆ. ಬೆನ್ನು ಬಿಗಿಯುತ್ತದೆ. ಹದಿಹರೆಯಕ್ಕೆ ಬರುವಷ್ಟರಲ್ಲಿ ಹೃದಯ, ಉಸಿರಾಟ ಎರಡೂ ಸೋಲತೊಡಗುತ್ತವೆ. ಇಲ್ಲಿ ಮೇಲ್ವಿಚಾರಕ ಇಲ್ಲವೆಂದಲ್ಲ, ಇದ್ದೂ ಕೆಲಸ ಕೆಡಿಸುತ್ತಾನೆ. ಬದಲಾದ ಬ್ಯಾಗ್-3 ಗಂಟುಗಂಟಾಗಿ ಕೂತು, ಒಳ್ಳೆಯ ಜತೆಗಾರರನ್ನೂ ತನ್ನೊಂದಿಗೆ ಸಿಲುಕಿಸಿಕೊಳ್ಳುತ್ತದೆ. ಇದು ಬಹಳ ಅಪರೂಪದ ಕಾಯಿಲೆ. ಇದಕ್ಕೆ ಇವತ್ತಿಗೂ ಗುಣಪಡಿಸುವ ಔಷಧವಿಲ್ಲ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಇಂಥ ಹೆಚ್ಚಿನ ಮಕ್ಕಳಲ್ಲಿ ಈ ಬದಲಾವಣೆ ತಂದೆಯಿಂದಲೂ ಬಂದದ್ದಲ್ಲ, ತಾಯಿಯಿಂದಲೂ ಬಂದದ್ದಲ್ಲ. ಜೀನ್‌ನ ನಕಲು ತಯಾರಾಗುವಾಗ ಹೊಸದಾಗಿ ಆದದ್ದು. ಮಗುವಿಗೆ ಏನಾದರೂ ಆದರೆ ‘ಬಸುರಿಯಲ್ಲಿ ಅದು ತಿಂದಳು, ಗ್ರಹಣ ನೋಡಿದಳು’ ಎಂದು ಸೊಸೆಯ ಕಡೆ ಬೆರಳು ತೋರಿಸುವ ನಮ್ಮ ಊರುಗಳಲ್ಲಿ ಇದನ್ನು ಗಟ್ಟಿಯಾಗಿಯೇ ಹೇಳಬೇಕು.

ನಮ್ಮ ಮನೆಯ ಮಾತು

ಈ ವಿಷಯವನ್ನೇ ಯಾಕೆ ಆರಿಸಿಕೊಂಡೆ ಅಂತ ಮುಂದೆ ಹೇಳುತ್ತೇನೆ ಎಂದಿದ್ದೆ. ನನ್ನ ಚಿಕ್ಕಪ್ಪ ತೀರಿಕೊಂಡಾಗ ಅವರಿಗೆ 38. ಬೀಡಿ ಸೇದುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಅಡಿಕೆ ಮೂಟೆ ಒಬ್ಬರೇ ಎತ್ತುತ್ತಿದ್ದ ಆಳು. ಮೆಟ್ಟಿಲು ಹತ್ತಿದರೆ ಏದುಸಿರು, ಕಾಲು ಊತ ಅಂತ ಶುರುವಾಯಿತು. ದೊಡ್ಡಾಸ್ಪತ್ರೆಯಲ್ಲಿ ‘ಹಾರ್ಟ್ ದೊಡ್ಡದಾಗಿದೆ’ ಅಂದರು. ಮನೆಯವರಿಗೆ ಅದು ಅರ್ಥವೇ ಆಗಲಿಲ್ಲ. ಹೃದಯ ದೊಡ್ಡದಿದ್ದರೆ ಒಳ್ಳೆಯದಲ್ಲವೇ ಅಂತ ಅಜ್ಜಿ ಕೇಳಿದ್ದರು. ವೈದ್ಯಕೀಯದಲ್ಲಿ ಅದಕ್ಕೆ ಡೈಲೇಟೆಡ್ ಕಾರ್ಡಿಯೊಮಯೋಪತಿ ಎನ್ನುತ್ತಾರೆ. ಹೃದಯದ ಗೋಡೆ ಸೋತು, ಹಿಗ್ಗಿದ ಬಲೂನಿನಂತಾಗಿ, ರಕ್ತ ಒತ್ತುವ ಬಲ ಕಳೆದುಕೊಳ್ಳುವುದು.

ಇದು ಹಲವು ಕಾರಣಗಳಿಂದ ಬರುತ್ತದೆ. ವೈರಸ್ ಸೋಂಕು, ಮದ್ಯ, ಕೆಲವು ಔಷಧಗಳು ಹೀಗೆ. ಸಾಕಷ್ಟು ಮನೆಗಳಲ್ಲಿ ಕಾರಣ ವಂಶವಾಹಿಯಲ್ಲಿರುತ್ತದೆ. ಅಂಥ ಜೀನ್‌ಗಳ ಪಟ್ಟಿಯಲ್ಲಿ ಟೈಟಿನ್ ಮೊದಲ ಸಾಲಿನದು. 2011ರಿಂದ ಆ ಪಟ್ಟಿಯಲ್ಲಿ ಬ್ಯಾಗ್-3 ಕೂಡ ಇದೆ. ನಮ್ಮಲ್ಲಿ ಪ್ರತಿ ಜೀನಿಗೂ ಎರಡು ಪ್ರತಿ, ಅಪ್ಪನದೊಂದು ಅಮ್ಮನದೊಂದು. ಬ್ಯಾಗ್-3ರ ಒಂದು ಪ್ರತಿ ಅರ್ಧಕ್ಕೇ ತುಂಡಾದರೆ ಅಥವಾ ಇಲ್ಲವಾದರೆ, ಉಳಿದೊಂದು ಪ್ರತಿಯಿಂದ ಬರುವ ಪ್ರೋಟೀನು ಹೃದಯಕ್ಕೆ ಸಾಲುವುದಿಲ್ಲ. ಇಬ್ಬರು ಚಾರ್ಜ್‌ಮನ್ ಇರಬೇಕಾದ ಡಿಪೊವನ್ನು ಒಬ್ಬನೇ ನಡೆಸಿದ ಹಾಗೆ. ಕೆಲವು ವರ್ಷ ನಡೆಯುತ್ತದೆ, ಆಮೇಲೆ ಕೆಟ್ಟ ಗಾಡಿಗಳು ಸಾಲುಗಟ್ಟುತ್ತವೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಇಂಥ ಬದಲಾವಣೆ ಇರುವವರಲ್ಲಿ 40 ವರ್ಷ ದಾಟಿದ ಐವರ ಪೈಕಿ ನಾಲ್ವರಿಗೆ ಹೃದಯದ ತೊಂದರೆ ಕಾಣಿಸಿಕೊಂಡಿತ್ತು. ಅದು ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ.

ಚಿಕ್ಕಪ್ಪನಿಗೆ ಜೀನ್ ಪರೀಕ್ಷೆ ಆಗಿರಲಿಲ್ಲ. ಅವರದು ಬ್ಯಾಗ್-3ರ ತೊಂದರೆ ಅಂತ ನಾನು ಹೇಳಲಾರೆ, ಜೀನ್‌ನದೇ ಅಂತಲೂ ಹೇಳಲಾರೆ. ಆದರೆ ಅವರ ಮಗ, ನನ್ನ ತಮ್ಮ, ಈಗ 21ರ ಹುಡುಗ. ಕಬಡ್ಡಿ ಆಡುತ್ತಾನೆ. ನನ್ನ ಸೆಮಿನಾರಿನ ಸ್ಲೈಡುಗಳನ್ನು ಮೊಬೈಲಿನಲ್ಲಿ ನೋಡುತ್ತಿದ್ದವನು ಇದ್ದಕ್ಕಿದ್ದಂತೆ, ‘ಅಕ್ಕಾ, ನಂಗೂ ಬರ್ತದಾ?’ ಅಂದ. ಅದಕ್ಕೆ ಯಾವ ಪೇಪರಿನಲ್ಲೂ ಉತ್ತರವಿರಲಿಲ್ಲ.

ಅವನನ್ನು ಹೃದಯ ತಜ್ಞರಿಗೆ ತೋರಿಸೋಣ ಅಂದಾಗ ಚಿಕ್ಕಮ್ಮ ಒಪ್ಪಲಿಲ್ಲ. ‘ನಾಳೆ ಹೆಣ್ಣು ನೋಡೋಕೆ ಹೋಗ್ಬೇಕಾದ ಹುಡುಗ. ಹಾರ್ಟ್ ಟೆಸ್ಟ್ ಮಾಡಿಸಿದ್ರು ಅಂತ ಊರಲ್ಲಿ ಗೊತ್ತಾದ್ರೆ ಯಾರು ಕೊಡ್ತಾರೆ?’ ಅಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ಗಂಡನನ್ನು ಕಳೆದುಕೊಂಡವರು, ಮಗನ ಬದುಕಿಗೆ ಮಸಿ ಬೀಳಬಾರದು ಅನ್ನುತ್ತಾರೆ. ನಾನು ವಾದ ಮಾಡಲಿಲ್ಲ. ಅಪ್ಪನೇ ಒಂದು ಸಂಜೆ ಹೋಗಿ ಕೂತರು. ‘ನೋಡಮ್ಮ, ಬ್ರೇಕ್ ಚೆಕ್ ಮಾಡಿಸಿದ ಗಾಡಿಗೆ ಯಾರೂ ಕೆಟ್ಟ ಹೆಸರು ಇಡಲ್ಲ. ಚೆಕ್ ಮಾಡಿಸದೆ ಘಾಟಿ ಇಳಿಸಿದ್ರೆ ಇಡ್ತಾರೆ’ ಅಂದರು. ಚಿಕ್ಕಮ್ಮ ಏನೂ ಹೇಳಲಿಲ್ಲ. ಮರುವಾರ ಅವರೇ ಮಗನನ್ನು ಕರೆದುಕೊಂಡು ಹೊರಟಿದ್ದರು.

ಇಸಿಜಿ ಮತ್ತು ಎಕೋ ಮಾಡಿದರು. ಎಕೋ ಅಂದರೆ ಹೃದಯದ ಸ್ಕ್ಯಾನ್, ನೋವಿಲ್ಲ, ಸೂಜಿಯಿಲ್ಲ. ಎರಡೂ ಸರಿಯಾಗಿದ್ದವು. ಆದರೂ ಕೆಲವು ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದು ಡಾಕ್ಟರು ಹೇಳಿದ್ದಾರೆ. ಇಂಥ ತೊಂದರೆ ಇಪ್ಪತ್ತರಲ್ಲಿ ಕಾಣದೆ ಮೂವತ್ತೈದರಲ್ಲಿ ಕಾಣಬಹುದು. ಹೃದಯ ಸೋಲುವುದನ್ನು ಆರಂಭದಲ್ಲೇ ಹಿಡಿದರೆ ಇವತ್ತು ಒಳ್ಳೆಯ ಮಾತ್ರೆಗಳಿವೆ. ಬಡಿತ ದಿಕ್ಕುತಪ್ಪಿದಾಗ ಸರಿಪಡಿಸಲು ಎದೆಯೊಳಗೆ ಕೂರಿಸುವ ಸಾಧನವಿದೆ. ಕಾಲು ಊದಿಕೊಂಡ ಮೇಲೆ ಹೋಗುವುದಕ್ಕೂ ಅದಕ್ಕಿಂತ ಮೊದಲೇ ಹೋಗುವುದಕ್ಕೂ ಬಹಳ ಅಂತರವಿದೆ.

ಇದು ನಮ್ಮೊಂದು ಮನೆಯ ಮಾತಲ್ಲ. 2009ರಲ್ಲಿ ಭಾರತದ ವಿಜ್ಞಾನಿಗಳೂ ಇದ್ದ ತಂಡವೊಂದು ಹೃದಯ ಸ್ನಾಯುವಿನ ಇನ್ನೊಂದು ಜೀನಿನಲ್ಲಿ 25 ಅಕ್ಷರಗಳು ಕಳೆದುಹೋಗಿರುವುದನ್ನು ಗುರುತಿಸಿತು. ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಅದಿದೆ. ಅದಿದ್ದವರಿಗೆಲ್ಲ ಕಾಯಿಲೆ ಬರುತ್ತದೆ ಎಂದಲ್ಲ. ಆದರೆ ‘ವಯಸ್ಸಿನ ಹುಡುಗ, ಇದ್ದಕ್ಕಿದ್ದಂತೆ ಹೋಗಿಬಿಟ್ಟ’ ಎಂದು ಸುಮ್ಮನಾಗುವ ಕಾಲ ಮುಗಿಯಿತು ಅನ್ನುವುದಕ್ಕೆ ಇಷ್ಟು ಸಾಕು.

ಜಿಮ್ಮಿಗೂ ಇದಕ್ಕೂ ನಂಟು

ಬ್ಯಾಗ್-3ರ ಎಲ್ಲ ಸುದ್ದಿಯೂ ದುಃಖದ್ದೇನಲ್ಲ. ಜಿಮ್ಮಿಗೆ ಹೋಗುವ ಗೆಳೆಯರು ಇದನ್ನು ಕೇಳಬೇಕು. ಭಾರ ಎತ್ತಿದಾಗ ಸ್ನಾಯುವಿನ ಫಿಲಾಮಿನ್ ಹಾಳಾಗುತ್ತದೆ, ಬ್ಯಾಗ್-3ರ ತಂಡ ಬಂದು ಅದನ್ನು ತೆಗೆದುಹಾಕುತ್ತದೆ. ಜರ್ಮನಿಯಲ್ಲಿ ಮನುಷ್ಯರ ಮೇಲೆಯೇ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ವ್ಯಾಯಾಮವನ್ನು ಬಿಡದೆ ಮುಂದುವರಿಸಿದವರ ಸ್ನಾಯುವಿನಲ್ಲಿ ಈ ರಿಪೇರಿ ತಂಡದ ಬಲವೂ ಹೆಚ್ಚಿತ್ತು. ಅಂದರೆ ವ್ಯಾಯಾಮದಿಂದ ಸ್ನಾಯು ಮಾತ್ರವಲ್ಲ, ಅದನ್ನು ನೋಡಿಕೊಳ್ಳುವವರೂ ತಯಾರಾಗುತ್ತಾರೆ. ಆದರೆ ಮೈಯೊಳಗಿನ ರಿಪೇರಿಗೆ ಸಮಯ ಕೊಡಬೇಕು. ಮೊದಲ ದಿನವೇ ನೂರು ಕೆಜಿ ಎತ್ತಲು ಹೋಗುವವರು ಡಿಪೊಗೆ ಬಾರದ ಬಸ್ಸಿನಂತೆ.

ವಯಸ್ಸಿಗೂ ಇದಕ್ಕೂ ನಂಟಿದೆ. ಎಳೆಯ ಜೀವಕೋಶಗಳಲ್ಲಿ ಬ್ಯಾಗ್-1 ಮುಂದಾಳು. ಅದು ಕೆಟ್ಟ ಪ್ರೋಟೀನುಗಳನ್ನು ಪ್ರೋಟಿಯಸೋಮ್ ಎಂಬ ಚೂರು ಮಾಡುವ ಯಂತ್ರಕ್ಕೆ ಒಯ್ಯುತ್ತದೆ. ವಯಸ್ಸಾದಂತೆ ಕಸ ಹೆಚ್ಚುತ್ತದೆ, ಗಂಟು ಕಟ್ಟುತ್ತದೆ, ಆ ಯಂತ್ರದ ಬಾಯಿಗೆ ಹಿಡಿಸುವುದಿಲ್ಲ. ಆಗ ಬ್ಯಾಗ್-3 ಮುಂದೆ ಬಂದು ಆಟೊಫೇಜಿಯ ದಾರಿ ಹಿಡಿಸುತ್ತದೆ. ಜರ್ಮನಿಯ ಮೈಂಜ್‌ನ ವಿಜ್ಞಾನಿಗಳು 2009ರಲ್ಲಿ ಇದನ್ನು ತೋರಿಸಿದರು. ಮನೆಯಲ್ಲಿ ಹಿರಿಯರು ಜವಾಬ್ದಾರಿ ವಹಿಸಿಕೊಂಡ ಹಾಗೆ!

ಹಾಗಾದರೆ ಬ್ಯಾಗ್-3 ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದೇ? ಅಲ್ಲ. ಇದು ಜೀವಕೋಶವನ್ನು ಸಾವಿನಿಂದ ಕಾಯುತ್ತದೆ ಎಂದೆನಲ್ಲ, ಕ್ಯಾನ್ಸರ್ ಜೀವಕೋಶಕ್ಕೂ ಅದೇ ಬೇಕು. ಹಲವು ಬಗೆಯ ಗೆಡ್ಡೆಗಳಲ್ಲಿ ಬ್ಯಾಗ್-3 ಮಿತಿಮೀರಿ ಇರುತ್ತದೆ. ಔಷಧ ಕೊಟ್ಟರೂ ಆ ಜೀವಕೋಶಗಳು ಸಾಯದೆ ಉಳಿಯಲು ನೆರವಾಗುತ್ತದೆ. ಹಾಗಾಗಿ ಕ್ಯಾನ್ಸರ್ ವಿಜ್ಞಾನಿಗಳು ಎಚ್‌ಎಸ್‌ಪಿ-70 ಮತ್ತು ಬ್ಯಾಗ್-3ರ ಕೈ ಬಿಡಿಸುವ ಔಷಧ ಹುಡುಕುತ್ತಿದ್ದಾರೆ. ಹೃದಯದ ವಿಜ್ಞಾನಿಗಳು ಅದೇ ಬ್ಯಾಗ್-3ರ ಸರಿಯಾದ ಪ್ರತಿಯನ್ನು ನಿರುಪದ್ರವಿ ವೈರಸ್ಸಿನ ಬೆನ್ನ ಮೇಲೆ ಹೃದಯಕ್ಕೆ ತಲುಪಿಸುವ ಪ್ರಯತ್ನದಲ್ಲಿದ್ದಾರೆ. ಇಲಿಗಳಲ್ಲಿ ಇದರಿಂದ ಸೋತ ಹೃದಯದ ಬಲ ಹೆಚ್ಚಿದೆ. ಅಮೃತವೂ ಯಾರ ಕೈಗೆ ಸಿಗುತ್ತದೆ ಅನ್ನುವುದರ ಮೇಲಲ್ಲವೇ ಎಲ್ಲ ನಿಂತಿರುವುದು? ದೇವಾಸುರರ ಕತೆ ನಮಗೆ ಹೊಸದಲ್ಲ.

ಹಣೆಬರಹ ಅಂದುಕೊಳ್ಳಬೇಡಿ

ಜೀನ್ ಅಂದರೆ ಹಣೆಬರಹ, ಏನೂ ಮಾಡಲಾಗದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬ್ಯಾಗ್-3 ಓದಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ಇದೇ ಜೀನಿನಲ್ಲಿ ಒಳ್ಳೆಯ ತಿದ್ದುಪಡಿಯೂ ಇದೆ. 151ನೇ ಜಾಗದಲ್ಲಿ ಸಿಸ್ಟೀನ್ ಬದಲು ಅರ್ಜಿನೀನ್ ಇರುವವರಲ್ಲಿ ಹೃದಯ ಸೋಲುವ ಅಪಾಯ ಕಡಿಮೆ. ಯುರೋಪ್ ಮೂಲದವರಲ್ಲಿ ಇದು ಸಾಕಷ್ಟು ಸಾಮಾನ್ಯ. ಒಂದು ಅಕ್ಷರ ಬದಲಾದರೆ ಬದುಕು ಕುಸಿಯಲೂಬಹುದು, ಇನ್ನೊಂದು ಅಕ್ಷರ ಬದಲಾದರೆ ಕಾಪಾಡಲೂಬಹುದು. ಬರಹ ನಮ್ಮದಲ್ಲದಿರಬಹುದು, ಅದನ್ನು ಓದುವುದು ಮತ್ತು ಓದಿ ಎಚ್ಚರವಾಗಿರುವುದು ನಮ್ಮ ಕೈಯಲ್ಲಿದೆ.

ಇನ್ನೊಂದು ಪಾಠವೂ ಇದೆ. ನಮ್ಮ ದೇಹ ಗಟ್ಟಿಯಾಗಿರುವುದು ಅದರೊಳಗೆ ಏನೂ ಕೆಡುವುದಿಲ್ಲ ಎಂದಲ್ಲ. ದಿನವೂ ಕ್ಷಣವೂ ಕೆಡುತ್ತಲೇ ಇರುತ್ತದೆ. ಕೆಟ್ಟದ್ದನ್ನು ಗುರುತಿಸುವ, ಸರಿಹೋಗುವುದನ್ನು ಸರಿಪಡಿಸುವ, ಸರಿಹೋಗದ್ದನ್ನು ಎಸೆದು ಹೊಸದನ್ನು ತರಿಸುವ ವ್ಯವಸ್ಥೆ ಇರುವುದರಿಂದ ಅದು ಗಟ್ಟಿ. ಮನೆಯ ಆರೋಗ್ಯಕ್ಕೂ ಇದೇ ಮಾತು ಸಲ್ಲುತ್ತದೆ. ತೊಂದರೆ ಇಲ್ಲ ಎಂದು ಮುಚ್ಚಿಡುವ ಮನೆಗಿಂತ, ಏನಿದೆ ನೋಡೋಣ ಎಂದು ಹೊರಡುವ ಮನೆ ಗಟ್ಟಿ.

ಹಾಗಾಗಿ ಓದುಗ ಗೆಳೆಯರೇ, ನಿಮಗೊಂದು ಸಣ್ಣ ಕೆಲಸ. ಜಮೀನು ಖಾತೆ ಮಾಡಿಸಲು ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸುತ್ತೇವಲ್ಲ, ಅದರ ಒಂದು ಜೆರಾಕ್ಸ್ ಪ್ರತಿ ತೆಗೆದುಕೊಳ್ಳಿ. ಅಜ್ಜಿಯ ಪಕ್ಕ ಕೂತು ಪ್ರತಿ ಹೆಸರಿನ ಎದುರು ಬರೆಯಿರಿ: ಯಾರು, ಎಷ್ಟನೇ ವಯಸ್ಸಿಗೆ, ಏನಾಗಿ ಹೋದರು. ಐವತ್ತರೊಳಗೆ ಇದ್ದಕ್ಕಿದ್ದಂತೆ ಹೋದವರು, ‘ಹಾರ್ಟ್ ದೊಡ್ಡದಾಗಿದೆ’ ಅನ್ನಿಸಿಕೊಂಡವರು, ಮಕ್ಕಳಾಗಿದ್ದಾಗಲೇ ನಡಿಗೆ ಕಳೆದುಕೊಂಡವರು ಯಾರಾದರೂ ಇದ್ದರೆ ಆ ಹಾಳೆಯನ್ನು ಮಡಚಿ ಬ್ಯಾಗಿನಲ್ಲಿಟ್ಟುಕೊಂಡು ವೈದ್ಯರ ಬಳಿ ಹೋಗಿ. ಆಸ್ತಿ ಯಾರಿಗೆ ಎಷ್ಟು ಎಂದು ಲೆಕ್ಕ ಹಾಕುವ ನಾವು, ಹಿರಿಯರಿಂದ ಬಂದ ಇನ್ನೊಂದು ಆಸ್ತಿಯನ್ನೂ ಒಮ್ಮೆ ಲೆಕ್ಕ ಹಾಕಿ ನೋಡೋಣ.